ಡೆಲ್ಫಿಯಾಳ ಮೇಲ್ದನಿ

ಡೆಲ್ಫಿಯಾ ಸ್ಟಿಡಮ್ ತನ್ನ ಜೀವಮಾನದಲ್ಲಿ ಒಂದು ಹಾಡನ್ನೂ ಒಬ್ಬಳೇ ಹಾಡಿದವಳಲ್ಲ. ಸ್ಲೇಟ್ ಹಳ್ಳ ಎಂಬ ಆ ಗಣಿಯೂರಿನ ಜನರಿಗೆ ಅದು ಹೊಳೆದೇ ಇರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ತನಗೆ ಎಪ್ಪತ್ತು ದಾಟಿ, ಅಕ್ಕ ಓವಾ ಲಕ್ವ ಹೊಡೆದು ಹಾಸಿಗೆ ಹಿಡಿದ ಚಳಿಗಾಲದಲ್ಲಿ ಅದು ಅರಿವಿಗೆ ಬಂತು.

ಅವರ ತಾಯಿ ನೆಟ್ಟಿ ಹಾಡು ಕಲಿಸಿದ್ದು ಅಂಗಳದಲ್ಲಿ, ಬಟ್ಟೆ ಕುದಿಸುವ ಹಂಡೆಯ ಪಕ್ಕದಲ್ಲಿ. ಕಲ್ಲಿದ್ದಲ ಗಣಿಯಿಂದ ಬಂದ ಅಪ್ಪನ ಅಂಗಿಗಳನ್ನು ಕೋಲಿನಿಂದ ತಿರುವುತ್ತ ಅವಳು ದೊಡ್ಡವಳಿಗೆ ಹೇಳುತ್ತಿದ್ದಳು, "ಓವಾ, ನೀನು ಧಾಟಿ ಹಿಡಿ." ಚಿಕ್ಕವಳಿಗೆ ಹೇಳುತ್ತಿದ್ದಳು, "ಡೆಲ್ಫಿ, ನೀನು ಅವಳ ಮೇಲೆ ಹತ್ತು. ಅವಳನ್ನ ತುಳೀಬೇಡ, ಬಿಟ್ಟೂ ಹೋಗಬೇಡ." ಆ ಗುಡ್ಡಗಳಲ್ಲಿ ಇಬ್ಬರು ಹಾಡುವ ಕ್ರಮವೇ ಹಾಗೆ. ಒಬ್ಬರದು ಹಾಡಿನ ಧಾಟಿ. ಇನ್ನೊಬ್ಬರದು ಅದೇ ಮಾತುಗಳನ್ನು ಹಿಡಿದು ಅದರ ಮೇಲೆ ಬೇರೆ ಸ್ವರದಲ್ಲಿ ಸಾಗುವ ಮೇಲ್ದನಿ. ಧಾಟಿ ಓವಾಳ ಪಾಲಿಗೆ ಬಂತು, ಮೇಲ್ದನಿ ಡೆಲ್ಫಿಯಾಳ ಪಾಲಿಗೆ. ಆಮೇಲೆ ಅದಲುಬದಲು ಮಾಡಿಕೊಳ್ಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಹಾಗೆಯೇ ಬದುಕು ಕಳೆಯಿತು. ಡೆಲ್ಫಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದಳು, ಗಣಿಯವನಾದ ಕ್ಲೆಲ್‌ನನ್ನು ಮದುವೆಯಾದಳು, ದೂಳು ತುಂಬಿದ ಪುಪ್ಪುಸದಿಂದ ಅವನು ಕೆಮ್ಮಿ ಕೆಮ್ಮಿ ಸತ್ತಾಗ ಒಂದು ವರ್ಷ ಕರಿ ಬಟ್ಟೆ ತೊಟ್ಟಳು. ಪ್ರಾಯದಲ್ಲಿ ಅಕ್ಕತಂಗಿಯರು ಭಾನುವಾರ ಬೆಳಿಗ್ಗೆ ಪೇಟೆಯ ರೇಡಿಯೊದಲ್ಲಿ ಹಾಡಿದ್ದುಂಟು. ಆ ರೇಡಿಯೊ ಕೇಂದ್ರ ಮುಚ್ಚಿತು. ಗಣಿಗಳೂ ಮುಚ್ಚಿದವು. ಶುಕ್ರವಾರ ಸಂಜೆ ಹಳೆಯ ಮೇವಿನ ಅಂಗಡಿಯಲ್ಲಿ ಸೇರಿ ಹಾಡುವುದೊಂದು ಮಾತ್ರ ಉಳಿಯಿತು. ಸೇರುವವರು ವರ್ಷ ವರ್ಷಕ್ಕೆ ಕಡಿಮೆಯಾದರು. ಯಾರಾದರೂ ಸತ್ತರೆ ಅವರ ಕುರ್ಚಿಯನ್ನು ಗೋಡೆಗೆ ಸರಿಸಿ ಉಳಿದವರು ಸ್ವಲ್ಪ ಒತ್ತಾಗಿ ಕೂರುತ್ತಿದ್ದರು. ಪಿಟೀಲಿನ ಹ್ಯಾಸ್ಕೆಲ್ ಆಂಬರ್ಗಿ ಮಾತ್ರ ತಪ್ಪಿಸಿದವನಲ್ಲ. ಬೆರಳಿನ ಗಂಟುಗಳು ಬಾತಿದ್ದರೂ ಬರುತ್ತಿದ್ದ, ಬಂದವನು ಮೊದಲು ಒಲೆಗೆ ಕೈಯೊಡ್ಡಿ ಕೂರುತ್ತಿದ್ದ.

ಅಂಗಡಿಯಲ್ಲಿ ಹಾಡದ ಹಾಡು ಒಂದಿತ್ತು. ಅದು ನೆಟ್ಟಿ ತಾನೇ ಕಟ್ಟಿದ್ದು. ಡೆಲ್ಫಿಯಾಳ ನಂತರ ಹುಟ್ಟಿದ ಗಂಡುಮಗು ಜ್ವರದಲ್ಲಿ ಹೋದಾಗ ಕಟ್ಟಿದ್ದು. ಮೇ ತಿಂಗಳ ಕೊನೆಯಲ್ಲಿ ಊರವರು ಗುಡ್ಡದ ಮೇಲಿನ ಗೋರಿಗಳ ಕಳೆ ಕಿತ್ತು ಹೂವಿಡುವ ಭಾನುವಾರ, ಆ ಚಿಕ್ಕ ಗೋರಿಯ ಮುಂದೆ ಮಾತ್ರ ಅದನ್ನು ಹಾಡಬೇಕು. ರೇಡಿಯೊಗೆ ಬೇಡ, ದನಿ ಹಿಡಿದಿಡುವ ಯಂತ್ರಕ್ಕೆ ಬೇಡ ಎಂದು ನೆಟ್ಟಿ ಮಾತು ತೆಗೆದುಕೊಂಡಿದ್ದಳು. ಹಿಂದೊಮ್ಮೆ ಹಾಡುಗಳನ್ನು ಕೂಡಿಡುತ್ತೇನೆಂದು ಒಬ್ಬ ಹುಡುಗಿ ಯಂತ್ರ ಹಿಡಿದು ಗುಡ್ಡ ಹತ್ತಿ ಬಂದಿದ್ದಳು. ಡೆಲ್ಫಿಯಾಗೆ ಮನಸ್ಸಿತ್ತು. ಆದರೆ ಓವಾ ತನ್ನ ಏಪ್ರನ್ ಬಿಚ್ಚಿ ಯಂತ್ರದ ಮೇಲೆ ಮುಚ್ಚಿ, "ಇದು ಸತ್ತೋರ ಹಾಡು ಕಣಮ್ಮ, ಬೇರೆ ಯಾವುದಾದ್ರೂ ಕೇಳು," ಅಂದಿದ್ದಳು.

ಹಾಗಾಗಿ ಆ ಹಾಡು ಇದ್ದದ್ದು ಎರಡು ಗಂಟಲುಗಳಲ್ಲಿ. ಈಗ ಅದರಲ್ಲೊಂದು ಬಿದ್ದುಹೋಗಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಡೆಲ್ಫಿಯಾ ಬೀನ್ಸ್ ಕಾಳು ಆರಿಸುತ್ತ ಆ ಹಾಡನ್ನು ತೆಗೆದಳು. ಈ ವರ್ಷ ತಾನೊಬ್ಬಳೇ ಹಾಡಬೇಕು, ಒಂದು ಸಲ ಹೇಳಿಕೊಳ್ಳೋಣ ಎಂದು. ಮಾತು ಸರಿಯಾಗಿ ಬಂತು. ಆದರೆ ಬಂದದ್ದು ಹಾಡಲ್ಲ. ಅದು ಗೋಡೆಯಿಲ್ಲದ ಮಾಡಿನ ಹಾಗೆ ಗಾಳಿಯಲ್ಲಿ ನಿಂತಿತ್ತು. ಧಾಟಿಯನ್ನೇ ಹಿಡಿಯೋಣವೆಂದು ದನಿ ಇಳಿಸಿದಳು. ಎರಡು ಮಾತು ಮುಗಿಯುವುದರೊಳಗೆ ಗಂಟಲು ತಾನಾಗಿ ಮೇಲೆ ಹತ್ತಿತು. ಮತ್ತೆ ಇಳಿಸಿದಳು, ಮತ್ತೆ ಹತ್ತಿತು. ಕಾಳಿನ ಬಟ್ಟಲು ತೊಡೆಯ ಮೇಲೇ ಉಳಿಯಿತು.

ಮಧ್ಯಾಹ್ನ ಅಕ್ಕನ ಮನೆಗೆ ಹೋದಳು. ಓವಾಳನ್ನು ನೋಡಿಕೊಳ್ಳುತ್ತಿದ್ದವಳು ಮಗಳು ವಾಂಡಾ.

"ಮಾತು ಹೋದೋರಿಗೂ ಕೆಲವ್ರಿಗೆ ಹಾಡು ಬರುತ್ತಂತೆ ಚಿಕ್ಕಮ್ಮ," ಅಂದಳು ವಾಂಡಾ. "ನರ್ಸ್ ಹೇಳಿದ್ಳು. ನೀವೇ ಶುರು ಮಾಡಿ ನೋಡಿ."

ಡೆಲ್ಫಿಯಾ ಹಾಸಿಗೆಯ ಅಂಚಿನಲ್ಲಿ ಕೂತು ಶುರು ಮಾಡಿದಳು. ಓವಾಳ ಕಣ್ಣು ಅರಳಿತು. ಬಾಯಿ ತೆರೆಯಿತು. ಅರ್ಧ ಸೆಟೆದ ಆ ಗಂಟಲಿಂದ ಬಂದದ್ದು ಬರಿಯ ಉಸಿರು, ತೂತಾದ ತಿದಿಯ ಉಸಿರು. ಅವಳು ಮತ್ತೊಮ್ಮೆ ಯತ್ನಿಸಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಬಿಡಕ್ಕ," ಅಂದಳು ಡೆಲ್ಫಿಯಾ. "ಬಿಡು. ನಾನೇ ಹೆಂಗೋ ಮಾಡ್ತೀನಿ."

ಆ ಶುಕ್ರವಾರ, ಉಳಿದವರೆಲ್ಲ ಎದ್ದುಹೋದ ಮೇಲೆ, ಅವಳು ಹ್ಯಾಸ್ಕೆಲ್‌ನನ್ನು ಒಲೆಯ ಹತ್ತಿರ ಹಿಡಿದಳು.

"ಅಮ್ಮನ ಹಾಡಿನ ಧಾಟಿ ನಿನಗೆ ನೆನಪಿದೆಯೇನೋ?"

"ನನ್ನ ಕೇಳ್ತೀಯಾ? ಅಷ್ಟು ವರ್ಷ ಹಾಡ್ದೋಳು ನೀನು."

"ನಾನು ಹಾಡಿದ್ದು ಮೇಲಿನದು."

ಹ್ಯಾಸ್ಕೆಲ್ ನಕ್ಕ. "ಅಂದ್ರೆ ಇಷ್ಟು ವರ್ಷ ಅಕ್ಕನ ಹೆಗಲ ಮೇಲೆ ಕೂತು ಸವಾರಿ ಮಾಡಿದ್ದೀಯ. ಈಗ ನಡಿ ಅಂದ್ರೆ ಕಾಲೇ ಇಲ್ಲ." ಅವಳು ನಗದಿದ್ದುದನ್ನು ಕಂಡು ಪಿಟೀಲನ್ನು ಎತ್ತಿಕೊಂಡ. "ನಾನು ಕೇಳಿದ್ದು ವರ್ಷಕ್ಕೊಂದು ಸಲ, ಅದೂ ದೂರದಿಂದ, ಟೋಪಿ ತೆಗೆದು ತಲೆ ಬಗ್ಗಿಸಿ. ಕಿವಿಗೆ ಬೀಳ್ತಿದ್ದುದು ನಿನ್ನ ದನೀನೇ, ಗೂಬೆ ಥರ ಮೇಲೆ ಕೂಗೋದು. ಹಾಡು, ಕೆಳಗೆ ಏನು ಕೂರುತ್ತೋ ನೋಡೋಣ."

ಅವಳು ಹಾಡಿದಳು, ಅವನು ಕೆಳಗಿನ ತಂತಿಗಳಲ್ಲಿ ಹುಡುಕಿದ. ಒಂದನೆಯ ಸಾಲು ಬೇಗ ಸಿಕ್ಕಿತು. ಸಿಕ್ಕಿದಾಗ ಅವಳಿಗೆ ತಿಳಿಯುತ್ತಿತ್ತು. ತಾನಾಗಿ ಹಾಡಲು ಬಾರದಿದ್ದರೂ, ಕಾಲಿಗೆ ಹೊಂದುವ ಬೂಟು ಕಾಲಿಗೆ ಗೊತ್ತಾಗುವ ಹಾಗೆ ಗೊತ್ತಾಗುತ್ತಿತ್ತು. ಎರಡನೆಯ ಸಾಲೂ ಸಿಕ್ಕಿತು, ಕೊನೆಯದೂ ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಆ ದಂಡೆಯಲ್ಲಿ ನಿನ್ನ ತೊಟ್ಟಿಲ ತೂಗುವವರು ಯಾರು ಎಂಬ ಸಾಲು ಅದು.

"ಅದಲ್ಲ," ಅಂದಳು ಡೆಲ್ಫಿಯಾ.

"ಇದು?"

"ಅದೂ ಅಲ್ಲ."

"ಮತ್ತೆ ಯಾವುದು, ಹೇಳು ಮಾರಾಯ್ತಿ."

"ಹೇಳಕ್ಕೆ ಬಂದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಅಲ್ಲಿ ಅಕ್ಕನ ದನಿ ಮೇಲೆ ಬಂದು ನನ್ನ ದನಿಗೆ ಉಜ್ಜಿಕೊಂಡು ಹೋಗ್ತಿತ್ತು. ನನ್ನ ದವಡೆ ಹಲ್ಲೊಳಗೆ ಜುಮ್ ಅಂತಿತ್ತು. ನೀನು ಬಾರಿಸಿದ್ರೆ ಏನೂ ಆಗಲ್ಲ."

ಹ್ಯಾಸ್ಕೆಲ್ ಸ್ವರವನ್ನು ಅವಳ ದನಿಯ ಹತ್ತಿರಕ್ಕೆ ಒತ್ತಿ ತಂದ. ಪಿಟೀಲು ಕಿರುಚಿತು. "ಬೆಕ್ಕಿನ ಬಾಲ ತುಳಿದಂಗಾಯ್ತು," ಅಂದ ಅವನು. "ನಿಮ್ಮಮ್ಮ ಇಂಥದ್ದು ಕಟ್ಟಿರಲಿಕ್ಕಿಲ್ಲ. ನಿನ್ನ ಹಲ್ಲಿಗೇ ಏನೋ ಆಗಿರಬೇಕು. ಅದಾದ್ರೂ ನಿಂದೇನಾ, ಪೇಟೇಲಿ ಕಟ್ಟಿಸಿದ್ದಾ?"

"ಹಿಂದಿನವು ಎರಡು ನಂದೇ. ಬಾರಿಸು ಸುಮ್ಮನೆ."

ಮೇ ತಿಂಗಳು ಹತ್ತಿರವಾಯಿತು. ಇನ್ನು ಓವಾಳನ್ನೇ ಕೇಳಬೇಕು ಎಂದು ನಿರ್ಧರಿಸಿ ಇಬ್ಬರೂ ಅವಳ ಮನೆಗೆ ಹೋದರು. ಹ್ಯಾಸ್ಕೆಲ್ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

"ನೋಡು ಓವಾ, ನಿನ್ನ ತಂಗಿ ನನ್ನ ಪ್ರಾಣ ತಿಂತಾಳೆ. ಸರಿಯಾಗಿದ್ರೆ ಕೈಯೆತ್ತು, ತಪ್ಪಾದ್ರೆ ಹಾಸಿಗೆ ತಟ್ಟು. ಬೈಬೇಕು ಅನ್ಸಿದ್ರೆ ಕಣ್ಣಲ್ಲೇ ಬೈ."

ಓವಾಳ ಬಾಯಿಯ ಒಂದು ಮೂಲೆ ನಕ್ಕಿತು. ಅವಳ ಎಡಗೈ ಮಾತ್ರ ಆಡುತ್ತಿತ್ತು. ಮೊದಲ ಸಾಲಿಗೆ ಕೈ ಎದ್ದಿತು. ಎರಡನೆಯದಕ್ಕೂ ಎದ್ದಿತು. ಮೂರನೆಯದಕ್ಕೆ ಕೌದಿಯ ಮೇಲೆ ಬಲವಾಗಿ ಬಿತ್ತು. ಹ್ಯಾಸ್ಕೆಲ್ ಬೇರೆ ದಾರಿ ಹಿಡಿದ, ಕೈ ಮತ್ತೆ ಬಿತ್ತು. ಇನ್ನೊಂದು ದಾರಿ ಹಿಡಿದ. ಡೆಲ್ಫಿಯಾ ಆ ಸಾಲನ್ನು ಹಾಡಿ ಹಾಡಿ ಗಂಟಲು ಒಣಗಿಸಿಕೊಂಡಳು. ಪ್ರತಿಸಲವೂ ಕೈ ಬಿತ್ತು, ಪ್ರತಿಸಲವೂ ಹಿಂದಿನದಕ್ಕಿಂತ ಮೆಲ್ಲಗೆ. ವಾಂಡಾ ಬಾಗಿಲಲ್ಲಿ ನಿಂತು ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು.

ಕೊನೆಗೆ ಹ್ಯಾಸ್ಕೆಲ್ ಒಂದು ಸರಳ ಇಳಿತವನ್ನು ಬಾರಿಸಿದ, ಯಾವ ಹಾಡಿಗಾದರೂ ಹೊಂದುವಂಥದ್ದು. ಕೈ ತಟ್ಟಲಿಲ್ಲ. ಕೌದಿಯ ಮೇಲೆ ಹಾಗೇ ಬಿದ್ದುಕೊಂಡಿತ್ತು.

"ಸಿಕ್ತು," ಅಂದ ಹ್ಯಾಸ್ಕೆಲ್. ಮತ್ತೊಮ್ಮೆ ಬಾರಿಸಿದ. ಈಗಲೂ ಕೈ ಅಲುಗಲಿಲ್ಲ. "ಸಿಕ್ತು ಡೆಲ್ಫಿ. ಅವಳು ಒಪ್ಪಿದ್ಳು." ಅವನು ಪಿಟೀಲನ್ನು ತೊಡೆಯ ಮೇಲಿಟ್ಟು ತೋಳಿನಿಂದ ಕಣ್ಣೊರೆಸಿಕೊಂಡ. "ನಾನು ಸಾಯೋದ್ರೊಳಗೆ ಒಂದು ಒಳ್ಳೆ ಕೆಲಸ ಆಯ್ತು ನೋಡು."

ಡೆಲ್ಫಿಯಾ ಅಕ್ಕನ ಮುಖ ನೋಡಿದಳು. ಓವಾ ಕಣ್ಣು ಮುಚ್ಚಿದ್ದಳು. ಹಣೆಯ ಮೇಲೆ ಬೆವರಿತ್ತು. ಕೈ ಎದ್ದಿರಲಿಲ್ಲ. ಎದ್ದಿಲ್ಲವೆಂಬುದನ್ನು ಡೆಲ್ಫಿಯಾ ಒಬ್ಬಳೇ ಗಮನಿಸಿದ್ದಳು. ಅವಳ ಹಲ್ಲೊಳಗೆ ಏನೂ ಆಗಿರಲಿಲ್ಲ. ಇದಲ್ಲ ಎಂದು ಹೇಳಲು ಬಾಯಿ ತೆರೆದಳು. ಹ್ಯಾಸ್ಕೆಲ್‌ನ ಕಣ್ಣಂಚು ಇನ್ನೂ ಒದ್ದೆಯಾಗಿತ್ತು. ವಾಂಡಾ ತಾಯಿಯ ತಲೆದಿಂಬು ಸರಿಮಾಡಿ, "ಸಾಕು ಇವತ್ತಿಗೆ, ಸೋತುಹೋಗಿದ್ದಾಳೆ," ಅಂದಳು.

"ಹೂಂ," ಅಂದಳು ಡೆಲ್ಫಿಯಾ. "ಸಾಕು."

ಮೇ ಕೊನೆಯ ಆ ಭಾನುವಾರ ಊರವರೆಲ್ಲ ಗುಡ್ಡ ಹತ್ತಿದರು. ಬಟ್ಟೆಯ ಹೂಗಳು, ಹಿತ್ತಲಿನ ಪಿಯೊನಿ ಹೂಗಳು, ಕೋಳಿ ಕರಿದದ್ದು, ಮೆಕ್ಕೆಜೋಳದ ರೊಟ್ಟಿ ಎಲ್ಲವೂ ಬಂದವು. ವಾಂಡಾ ತಾಯಿಯನ್ನು ತನ್ನ ಹಳೆಯ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಬೇಲಿಯವರೆಗೂ ತಂದಳು. ಅಲ್ಲಿಂದಾಚೆ ಗಾಲಿಕುರ್ಚಿ ಹೋಗುವಂತಿರಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ, ಹಾಡು ಕೇಳುವಂತೆ ಗಾಡಿಯನ್ನು ಆ ಚಿಕ್ಕ ಗೋರಿಯ ಕಡೆಗೆ ತಿರುಗಿಸಿ ನಿಲ್ಲಿಸಿದಳು.

ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಡೆಲ್ಫಿಯಾ ಗೋರಿಯ ಎದುರು ನಿಂತಳು. ಹ್ಯಾಸ್ಕೆಲ್ ಅವಳ ಎಡಕ್ಕೆ, ಓವಾ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಅವನು ಧಾಟಿ ಹಿಡಿದ, ಅವಳು ಹತ್ತಿದಳು. ಮೊದಲ ಎರಡು ಸಾಲುಗಳಿಗೆ ಗಂಡಸರು ಟೋಪಿ ತೆಗೆದರು. ಮೂರನೆಯ ಸಾಲು ಬಂತು. ಪಿಟೀಲು ತಾನು ಕಲಿತ ಸುಲಭದ ಇಳಿಜಾರಿನಲ್ಲಿ ಇಳಿಯಿತು. ಯಾರೂ ತಲೆಯೆತ್ತಲಿಲ್ಲ. ಯಾರಿಗೂ ಏನೂ ತಪ್ಪಿದಂತೆ ಕೇಳಿಸಲಿಲ್ಲ.

ಬೇಲಿಯ ಕಡೆಯಿಂದ ಕಿರ್ರೆಂಬ ಸದ್ದು ಬಂತು. ಡೆಲ್ಫಿಯಾ ಹಾಡುತ್ತಲೇ ಓರೆಗಣ್ಣಿನಲ್ಲಿ ನೋಡಿದಳು. ಓವಾ ತನ್ನ ಎಡಗೈಯನ್ನು ಮೈಗೆ ಅಡ್ಡಲಾಗಿ ಚಾಚಿ, ಬಲಬದಿಯ ಬಾಗಿಲಿನಲ್ಲಿ ಗಾಜು ಏರಿಸುವ ಹಿಡಿಕೆಯನ್ನು ತಿರುಗಿಸುತ್ತಿದ್ದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಗಾಜು ಪೂರ್ತಿ ಮೇಲೇರಿತ್ತು.

"ಅಮ್ಮನಿಗೆ ಗಾಳಿ ಹೊಡೀತೇನೋ," ಅಂದಳು ಗೋರಿಯ ಹತ್ತಿರ ನಿಂತಿದ್ದ ವಾಂಡಾ.

"ನಿಮ್ಮಮ್ಮ ಹಾಡಿದಂಗೇ ಇತ್ತು ಡೆಲ್ಫಿ," ಎಂದು ಒಬ್ಬ ಮುದುಕಿ ಅವಳ ಕೆನ್ನೆ ಮುಟ್ಟಿದಳು. ಹ್ಯಾಸ್ಕೆಲ್‌ನ ಬೆನ್ನು ತಟ್ಟಿದವರೆಷ್ಟೋ. ಅವನು ಅಂಗಿಯ ಕಾಲರಿನೊಳಗೆ ಕುತ್ತಿಗೆ ನಿಮಿರಿಸಿ ನಿಂತಿದ್ದ.

ಡೆಲ್ಫಿಯಾ ಊಟದ ಮೇಜಿನ ಕಡೆ ಹೋಗದೆ ಬೇಲಿಯತ್ತ ನಡೆದು, ಗಾಡಿಯ ಇನ್ನೊಂದು ಬಾಗಿಲು ತೆರೆದು ಒಳಗೆ ಹತ್ತಿ ಅದನ್ನು ಹಾಕಿಕೊಂಡಳು. ಒಳಗೆ ಸೆಖೆಯಿತ್ತು. ಓವಾ ತಂಗಿಯ ಕಡೆ ನೋಡಲಿಲ್ಲ.

"ಅದಲ್ಲ ಅಂತ ನನಗೂ ಗೊತ್ತಕ್ಕ," ಅಂದಳು ಡೆಲ್ಫಿಯಾ. "ಅವತ್ತೇ ಗೊತ್ತಿತ್ತು. ನೀನು ಸುಸ್ತಾಗಿದ್ದೆ, ಅವನು ಅಳ್ತಿದ್ದ. ನಾನು ಸುಮ್ಮನಾದೆ."

ಓವಾ ಗಾಜಿನಾಚೆ ಗೋರಿಯ ಕಡೆಗೇ ನೋಡುತ್ತಿದ್ದಳು.

"ಹಾಡ್ದೇ ಇದ್ದಿದ್ರೆ ಚೆನ್ನಾಗಿತ್ತೇನೋ. ಅಮ್ಮ ಏನಂತಿದ್ಳೋ."

ಆಗ ಎಡಗೈ ನಿಧಾನವಾಗಿ ಬಂದು ಡೆಲ್ಫಿಯಾಳ ತೊಡೆಯ ಮೇಲೆ ಬಿತ್ತು. ಅದು ಏಟೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಅವಳು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ಹೊರಗೆ, ಪಕ್ಕದ ಕಣಿವೆಯಿಂದ ಬಂದ ಮಧ್ಯವಯಸ್ಸಿನ ಹೆಂಗಸೊಬ್ಬಳು ಹ್ಯಾಸ್ಕೆಲ್‌ನ ಎದುರು ನಿಂತಿದ್ದಳು. ಹಾಡಿನ ಧಾಟಿ ಕಲಿಸೆಂದು ಕೇಳುತ್ತಿದ್ದಾಳೆಂಬುದು ಗಾಜಿನಾಚೆಯಿಂದಲೇ ತಿಳಿಯುವಂತಿತ್ತು. ಅವನು ಮೊದಲು ಆಗದೆಂದು ತಲೆಯಾಡಿಸಿದ, ಗಾಡಿಯ ಕಡೆ ಒಮ್ಮೆ ನೋಡಿದ. ಆಮೇಲೆ ಪಿಟೀಲನ್ನು ಎದೆಗಿಟ್ಟು ಮೂರನೆಯ ಸಾಲನ್ನು ನಿಧಾನವಾಗಿ ಬಾರಿಸಿ ತೋರಿಸಿದ. ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ಅದನ್ನು ಗುನುಗಿಕೊಂಡಳು. ಬಹಳ ಚುರುಕಾದ ಕಿವಿಯವಳಿರಬೇಕು, ಆ ಸುಲಭದ ಇಳಿತವನ್ನು ಒಂದೇ ಸಲಕ್ಕೆ ಹಿಡಿದಳು.

ಅಕ್ಕತಂಗಿಯರು ಕೈ ಹಿಡಿದುಕೊಂಡು ಅದನ್ನು ನೋಡುತ್ತ ಕೂತರು.