ಸೀಲ್ ಬಿದ್ದ ಸ್ಕ್ಯಾನಿಂಗ್ ಮೆಷಿನ್

ಎ.ಸಿ. ಗಾಳಿಗೆ ತಣ್ಣಗಾದ ಸ್ಕ್ಯಾನಿಂಗ್ ಜೆಲ್ ಬಾಟಲಿಯನ್ನು ಇವತ್ತು ಬೆಳಿಗ್ಗೆ ನನಗೇ ಗೊತ್ತಿಲ್ಲದೆ ಅಂಗೈಗಳ ನಡುವೆ ಉಜ್ಜುತ್ತಾ ನಿಂತಿದ್ದೆ. ಹಾಗೆ ಬೆಚ್ಚಗೆ ಮಾಡಿಯೇ ರೋಗಿಯ ಮೈಗೆ ಹಚ್ಚುತ್ತಿದ್ದವರು ನಮ್ಮ ಮೇಡಂ... ಹಲಸೂರಿನ ಈ ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಅವರೇ ಹಿರಿಯ ಡಾಕ್ಟರು. ನಾನು ಓದು ಮುಗಿಸಿ ಬಂದು ಸೇರಿದ್ದು ಅವರ ಕೈಕೆಳಗೆ.

ಪೆಟ್ಟು ಬಿದ್ದು ಎದೆಯೊಳಗೆ ರಕ್ತ ತುಂಬಿಕೊಂಡರೆ, ಪಕ್ಕೆಲುಬುಗಳ ನಡುವೆ ಕೊಯ್ದು ಟ್ಯೂಬ್ ಇಳಿಸಬೇಕು. ನಾವೆಲ್ಲ ಬೆರಳಲ್ಲಿ ಪಕ್ಕೆಲುಬು ಎಣಿಸಿ, ದೇವರ ಮೇಲೆ ಭಾರ ಹಾಕಿ ಕೊಯ್ಯುತ್ತಿದ್ದೆವು. ಮೇಡಂ ಮಾತ್ರ ಹಾಸಿಗೆಯ ಪಕ್ಕಕ್ಕೇ ಮೆಷಿನ್ ಎಳೆದುಕೊಂಡು, ಎದೆಗೂ ಹೊಟ್ಟೆಗೂ ನಡುವೆ ಉಸಿರಿಗೆ ತಕ್ಕಂತೆ ಏರಿಳಿಯುವ ಬಿಳಿ ಗೆರೆಯೊಂದನ್ನು ತೋರಿಸುತ್ತಿದ್ದರು.

"ಇದೇ ಡಯಾಫ್ರಮ್. ಕೆಳಗಿರೋದು ಲಿವರ್. ಮಲಗಿದಾಗ ಎಷ್ಟು ಮೇಲೆ ಬಂದಿದೆ ನೋಡೋ! ನೋಡ್ದೆ ಬ್ಲೇಡ್ ಮುಟ್ಬೇಡ."

ಆ ಮೆಷಿನ್ನನ್ನು ಕ್ಯಾಶುಯಾಲ್ಟಿಗೆ ತರಿಸಲು ಅವರು ಸವೆಸಿದ ಚಪ್ಪಲಿಗೆ ಲೆಕ್ಕವಿಲ್ಲ. ಹುಟ್ಟಲಿರುವ ಮಗು ಹೆಣ್ಣೋ ಗಂಡೋ ಎಂದು ಕದ್ದು ನೋಡುವವರ ಕಾಟಕ್ಕೆ, ನಮ್ಮಲ್ಲಿ ಯಾವ ಸ್ಕ್ಯಾನಿಂಗ್ ಮೆಷಿನ್ನೂ ನೋಂದಣಿಯಾದ ಜಾಗ ಬಿಟ್ಟು ಕದಲುವಂತಿಲ್ಲ. ಕಾನೂನು ಸರಿಯಾದದ್ದೇ, ಮೇಡಂ ಕೂಡ ಹಾಗೇ ಅನ್ನುತ್ತಿದ್ದರು. ಆದರೆ ನಮ್ಮ ಆಡಳಿತದ ಮಹಾಶಯರು ಸ್ಕ್ಯಾನಿಂಗ್ ರೂಮನ್ನು ಮೇಲಿನ ಮಹಡಿಗೆ ಸಾಗಿಸಿ, ಅದನ್ನು ಸರ್ಕಾರಕ್ಕೆ ತಿಳಿಸುವ ಗೋಜಿಗೇ ಹೋಗಲಿಲ್ಲ. ತಪಾಸಣೆಗೆ ಬಂದವರು ಅಲ್ಲಿನ ಮೆಷಿನ್‌ಗಳ ಜೊತೆಗೆ, ಅದೇ ನೋಂದಣಿಯಡಿ ಇದ್ದ ನಮ್ಮದಕ್ಕೂ ಬಟ್ಟೆ ಸುತ್ತಿ, ಅರಗು ಹಾಕಿ ಸೀಲ್ ಮಾಡಿದರು.

ಅದೇ ವಾರ, ಹಳೆ ಮದ್ರಾಸ್ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದ ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರನ್ನು ಅವರ ಅಣ್ಣ ಕರೆತಂದರು. ಭಾರಿ ಮೈ. ಬಲಗಡೆ ಎದೆಯಲ್ಲಿ ರಕ್ತ ತುಂಬಿ ಉಸಿರು ಕಟ್ಟುತ್ತಿತ್ತು. ಎಕ್ಸ್‌ರೇಗೆ ಒಯ್ಯುವಷ್ಟೂ ವ್ಯವಧಾನವಿರಲಿಲ್ಲ.

"ಸೀಲ್ ಒಡ್ದುಬಿಡ್ಲಾ ಮೇಡಂ?" ಎಂದೆ.

ಅವರು ಮೂಲೆಯಲ್ಲಿದ್ದ ಆ ಬಟ್ಟೆಯ ಗಂಟನ್ನು ನೋಡಿದರು.

"ಒಡೆದ್ರೆ ಆಸ್ಪತ್ರೆನೇ ಮುಚ್ಚಿಸ್ಬಿಡ್ತಾರೆ. ಬ್ಲೇಡ್ ಕೊಡು."

ಬೆರಳಲ್ಲಿ ಪಕ್ಕೆಲುಬು ಎಣಿಸಿದರು, ಕೊಯ್ದರು, ಟ್ಯೂಬ್ ಇಳಿಸಿದರು. ತಕ್ಷಣ ಅವರ ಮುಖ ಬಿಳಿಚಿಕೊಂಡಿತು... ಟ್ಯೂಬ್ ಲಿವರ್ ಹೊಕ್ಕಿತ್ತು. ಆಪರೇಷನ್ ಥಿಯೇಟರ್ ಸೇರುವ ಮೊದಲೇ ಆ ಮನುಷ್ಯ ಹೋಗಿಬಿಟ್ಟರು.

ಹೊರಗೆ ಕಾದಿದ್ದ ಅಣ್ಣನ ಮುಂದೆ ಮೇಡಂ ತಾವೇ ಹೋಗಿ ನಿಂತರು. "ಟ್ಯೂಬ್ ಹಾಕಿದ್ದು ನಾನೇ. ತಪ್ಪು ಜಾಗಕ್ಕೆ ಹೋಯ್ತು," ಎಂದರು. ಸೀಲಿನ ಮಾತನ್ನೇ ಎತ್ತಲಿಲ್ಲ. ಆಡಳಿತದವರೂ ಎತ್ತಲಿಲ್ಲ, ಅವರಿಗೆ ಅದೇ ಬೇಕಾಗಿತ್ತು.

ಮೇಡಂ ಮತ್ತೆ ಬ್ಲೇಡ್ ಹಿಡಿಯಲಿಲ್ಲ. ಬಾಣಸವಾಡಿಯ ಮನೆಯಲ್ಲಿ ಕೂತಲ್ಲೇ ಸೊರಗಿ, ಹೋದ ವರ್ಷ ತೀರಿಕೊಂಡರು. ಆಸ್ಪತ್ರೆಯ ಆಡಳಿತದಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ನೋಂದಣಿ ಸರಿಪಡಿಸಿ ಸೀಲ್ ತೆಗೆಸಿದ ಮೇಲೆ, ಈಗ ನಮ್ಮ ಕ್ಯಾಶುಯಾಲ್ಟಿಯಲ್ಲಿ ಮೆಷಿನ್ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ, ನೋಡದೆ ಯಾರೂ ಕೊಯ್ಯುವುದಿಲ್ಲ. ಹೊಸ ಡಾಕ್ಟರುಗಳಿಗೆ ಕಲಿಸುವವನು ನಾನೇ. ಇದನ್ನೆಲ್ಲ ಯಾರ ಹತ್ತಿರ ಕಲಿತಿರಿ ಎಂದು ಅವರಲ್ಲೊಬ್ಬಳು ಕೇಳಿದಳು. ಮೇಡಂ ಹೆಸರು ಹೇಳಿದೆ.

"ಓ... ಲಿವರ್‌ಗೆ ಟ್ಯೂಬ್ ಹಾಕಿದ್ರಂತಲ್ಲ, ಅವ್ರಾ ಸಾರ್?" ಎಂದಳು.