ಬಣ್ಣ ನೋಡಿ ತಂದ ಕೂಲೆಂಟ್

ಬೆಳಿಗ್ಗೆ ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಡಬ್ಬದ ಮುಚ್ಚಳ ತಿರುಗಿಸಿದ ಕೂಡಲೇ ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಡಿಪೋ ಮಾವ ನೆನಪಾದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾಗಿ ನಮ್ಮೂರು ಕೈಲಾಂಚಕ್ಕೆ ಮರಳಿದ್ದವರು. ಅವರ ಬಲಗೈಯಲ್ಲಿ ಮೊಣಕೈವರೆಗೂ ಸುಟ್ಟ ಕಲೆಯಿತ್ತು. ಅದು ಹೇಗಾಯಿತೆಂದು ನಾನು ಕೇಳಿರಲಿಲ್ಲ...

ಕೆಲವು ವರ್ಷಗಳ ಹಿಂದಿನ ಮಾತು. ಆಗಷ್ಟೇ ಹಳೆಯ ಗೂಡ್ಸ್ ಗಾಡಿಯೊಂದನ್ನು ಕೊಂಡು, ಊರಿನವರ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸತೊಡಗಿದ್ದೆ. ಹೆಂಗಸು ಗಾಡಿ ಓಡಿಸುತ್ತಾಳೆಯೇ ಎಂದು ಅನುಮಾನಿಸಿದವರೂ ನಂಬಿ ಗೂಡು ಕಳಿಸುತ್ತಿದ್ದರು. ಒಂದು ದಿನ ಕೂಲೆಂಟ್ ಕಡಿಮೆಯಾಗಿತ್ತು. ಒಳಗಿದ್ದದ್ದು ಹಸಿರು, ಅಂಗಡಿಯಿಂದಲೂ ಹಸಿರನ್ನೇ ತಂದು ಸುರಿದೆ. ಬಣ್ಣ ಸರಿಹೋದ ಮೇಲೆ ಇನ್ನೇನು ನೋಡುವುದು ಅಂದುಕೊಂಡಿದ್ದೆ.

ಕೆಲವು ವಾರಗಳ ನಂತರ ಐದು ಮನೆಯ ಗೂಡು ತುಂಬಿಕೊಂಡು ಹೊರಟಿದ್ದೆ. ಪೇಟೆಯಲ್ಲಿ ಏನೋ ಕೆಲಸವಿದೆಯೆಂದು ಮಾವ ಪಕ್ಕದಲ್ಲಿ ಕೂತಿದ್ದರು. ಅರ್ಧ ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿ, ಎಂಜಿನ್ನಿನಿಂದ ಹಬೆ ಎದ್ದಿತು. ಮಾರುಕಟ್ಟೆಯಲ್ಲಿ ಗೂಡಿನ ಹರಾಜು ತಪ್ಪಿದರೆ ಯಾರಿಗೆ ಮುಖ ತೋರಿಸಲಿ? ಕೆಳಗಿಳಿದವಳೇ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದರು.

"ಬುಡವ್ವ," ಎಂದರು ಮೆಲ್ಲಗೆ. "ಹಿಂಗೇ ತೆಗ್ಯಾಕೋಗಿ ನನ್ ಕೈ ಸುಟ್ಕಂಡಿದ್ದು."

ಆಮೇಲೆ ರಸ್ತೆಗೆ ನಿಂತು ಒಂದು ಟೆಂಪೋ ತಡೆದು, ಗೂಡನ್ನೆಲ್ಲ ಅದಕ್ಕೆ ಹೇರಿಸಿ ಕಳಿಸಿದರು. ಹರಾಜಿನ ಹೊತ್ತಿಗೆ ಅದು ತಲುಪಿತು. ನಾವಿಬ್ಬರೂ ಹುಣಸೆಮರದಡಿ ಕೂತೆವು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದರೆ ಒಳಗೆ ರಾಗಿ ಅಂಬಲಿಯಂಥ ಲೋಳೆ. ನನಗೆ ಅಳು ಬಂತು. ಅವರು ಬೈಯಲಿಲ್ಲ.

"ಬಣ್ಣ ನೋಡಿ ತರಬ್ಯಾಡ ಕಣವ್ವ. ಒಂದೇ ಬಣ್ಣ ಇದ್ರೂ ಒಳಗಿರೋದು ಬ್ಯಾರೆ, ಬೆರೆತ್ರೆ ಹಿಂಗೇ ಲೋಳೆ ಆಯ್ತದೆ. ಗಾಡಿ ಪುಸ್ತಕದಾಗೆ ಯಾವ್ದು ಬರ್ದೈತೋ ಅದ್ನೇ ಹಾಕು."

ಗಾಡಿಯನ್ನು ಎಳೆಸಿಕೊಂಡು ಮನೆಗೆ ತಂದೆವು. ಎರಡು ದಿನ ನೀರು ಬಿಟ್ಟು ಬಿಟ್ಟು ತೊಳೆದೆ, ತಿಳಿನೀರು ಬರುವವರೆಗೂ. ಪುಸ್ತಕದಲ್ಲಿದ್ದ ಕೂಲೆಂಟನ್ನೇ ಹುಡುಕಿ ತಂದು, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿದೆ. ಮಾವ ಜಗಲಿ ಬಿಟ್ಟು ಏಳಲಿಲ್ಲ, ಸ್ಪ್ಯಾನರ್ ಮುಟ್ಟಲೂ ಇಲ್ಲ. ಎಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಮಾರನೆಯ ದಿನ ಜೊತೆಗೆ ಬನ್ನಿ ಎಂದರೆ, ನೀನೇ ಹೋಗಿ ಬಾ ಎಂದು ಒಳಗೆ ನಡೆದರು. ಹೋಗಿ ಬಂದೆ. ಆಮೇಲೆ ದಾರಿಯಲ್ಲಿ ಗಾಡಿ ಎಂದೂ ಕೈಕೊಡಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡರು... ಇವತ್ತು ಕೂಲೆಂಟ್ ತೊಟ್ಟಿಯ ಮೇಲಿನ ಎರಡು ಗೆರೆಗಳ ನಡುವಿಗೆ ಬರುವಷ್ಟು ಸುರಿದು ಮುಚ್ಚಳ ಬಿಗಿ ಮಾಡಿದೆ. ಅಷ್ಟರಲ್ಲಿ ಅವರ ಹೆಂಡತಿ, ನಾನು ಅತ್ತೆ ಎಂದೇ ಕರೆಯುವವರು, ದೊಡ್ಡಮಳೂರಿನ ದೇವಸ್ಥಾನಕ್ಕೆಂದು ಹೊರಟು ನಿಂತಿದ್ದರು. ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿಕೊಂಡೆ. ಅಂದು ಮಾವ ಕೂತಿದ್ದ ಆ ಜಾಗ ಅವರಿಗೆ ತುಸು ಅಗಲವಾಯಿತು.