ಆಮೆ ಎತ್ತುವ ದೈತ್ಯ

ನಾನು ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ಕಾಲ. ಬೈಂದೂರಿನ ವಿಡಿಯೋ ಗೇಮ್ ಅಂಗಡಿಯವರು ಫೋನ್ ಮಾಡಿ, "ಕೀಬೋರ್ಡ್ ಹಾಳಾಯ್ತ್ ಮಾರಾಯ್ರೆ, ಆಟದ ದೈತ್ಯ ಕೈಯೇ ಎತ್ತುದಿಲ್ಲ" ಎಂದರು.

ನಾನು ಅಲ್ಲಿಗೆ ಹೋದಾಗ, ಮಳೆಗಾಲವಾದ್ದರಿಂದ ದೋಣಿಗಳೆಲ್ಲ ದಡ ಹತ್ತಿದ್ದವು, ಮೀನುಗಾರರೆಲ್ಲ ಅಂಗಡಿ ಹೊಕ್ಕಿದ್ದರು. ಆಡುತ್ತಿದ್ದವರು ಮಂಜಣ್ಣ, ಬಲೆ ಎಳೆದು ಎಳೆದು ಕೊರಡಿನಂತಾದ ತೋಳು. ಪರದೆಯ ಮೇಲೆ ಅವರು ಆರಿಸಿಕೊಂಡ ದೈತ್ಯನಿಗೆ ಒಂದೇ ಕಣ್ಣು, ಮುಖದ ತುಂಬ ಗಾಯದ ಗೆರೆ, ಗುದ್ದಿದರೆ ಬಂಡೆ ಪುಡಿ. ಅಂಥವನು ಸಮುದ್ರದ ದಂಡೆಯಲ್ಲಿ ಸುಮ್ಮನೆ ನಿಂತಿದ್ದ. ಕಂಪ್ಯೂಟರೇ ಆಡಿಸುವ ಎದುರಾಳಿ ಅವನಿಗೆ ಬಾರಿಸುತ್ತಲೇ ಇದ್ದ.

ನಾನು ಕೀಬೋರ್ಡಿಗೆ ಕೈ ಚಾಚಿದೆ.

"ಹ್ವಾಯ್, ಮುಟ್ಬೇಡಿ! ಈಗ ಕಾಣಿ" ಎಂದರು ಮಂಜಣ್ಣ.

ಗುಂಡಿ ಒತ್ತದೆ ಸ್ವಲ್ಪ ಹೊತ್ತು ಬಿಟ್ಟರೆ ಆ ದೈತ್ಯ ಮಂಡಿಯೂರುತ್ತಾನೆ. ಮರಳಲ್ಲಿ ಅಂಗಾತ ಬಿದ್ದ ಆಮೆಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ನೀರಿಗೆ ಬಿಡುತ್ತಾನೆ. ಬೆನ್ನಿಗೆ ಏಟು ಬೀಳುತ್ತಿದ್ದರೂ ತಿರುಗಿ ನೋಡುವುದಿಲ್ಲ. ಎಷ್ಟೋ ಯಂತ್ರ ಬಿಚ್ಚಿದ್ದೇನೆ, ಅಷ್ಟು ದೊಡ್ಡ ಮನಸ್ಸು ಯಾವುದರೊಳಗೂ ಕಂಡಿರಲಿಲ್ಲ.

"ಒಂದು ಗುದ್ದು ಕೊಟ್ಟಿದ್ದರೆ ಗೆಲ್ಲುತ್ತಿದ್ದಿರಲ್ಲ?" ಎಂದೆ.

"ಬಲೆಗ್ ಆಮೆ ಬಿದ್ರೆ ನಾವ್ ಕೈ ಮುಗ್ದ್ ನೀರಿಗ್ ಬಿಡುದ್. ಆ ಕೆಲ್ಸ ಅರ್ಧಕ್ಕೆ ಬಿಟ್ಟ್ ಜಗಳಕ್ಕೆ ಹೋಪುದಾ?"

ಆಮೆ ನೀರು ಸೇರಿತು. ಹಿಂದೆ ನಿಂತವರೆಲ್ಲ ಪರದೆಗೆ ಕೈ ಮುಗಿದರು. ದೈತ್ಯ ಸತ್ತ.

"ಸರಿ ಆಯ್ತಾ?" ಅಂಗಡಿಯವರು ಕೇಳಿದರು.

"ಕೀಬೋರ್ಡ್ ಸರಿಯಾಗಿಯೇ ಇದೆ. ಆಮೆ ಹಿಡಿದವನಿಗೆ ಹೊಡೆಯುವ ಆ ಎದುರಾಳಿಗೆ ರಿಪೇರಿ ಬೇಕು" ಎಂದೆ.

ಅದಕ್ಕಾಗುವ ಸ್ಕ್ರೂಡ್ರೈವರ್ ಮಾತ್ರ ನನ್ನ ಚೀಲದಲ್ಲಿ ಇರಲಿಲ್ಲ.